ಮೊಸರಿನ ಬಟ್ಟಲು ಖಾಲಿಯಾಗಿಯೇ ಬರುತ್ತಿತ್ತು

ಮೊದಲು ಬದಲಾದದ್ದು ರೊಟ್ಟಿ ಬಡಿಯುವ ಸದ್ದು.

ನಮ್ಮ ಅತ್ತೆ ಯಲಬುರ್ಗಾ ಕಡೆಯ ಎರೆಭೂಮಿಯ ಊರಿನವರು. ಗಂಗಾವತಿಗೆ ಬಂದು, ಸುತ್ತಲೂ ಭತ್ತವೇ ಇರುವ ಈ ಕಾಲುವೆ ಸೀಮೆಯಲ್ಲಿ ಇಷ್ಟು ವರ್ಷ ಕಳೆದರೂ ಜೋಳದ ರೊಟ್ಟಿ ಬಿಟ್ಟವರಲ್ಲ. ಅದನ್ನು ಬಡಿಯುವ ಕೆಲಸವನ್ನು ನನ್ನ ಕೈಗೆ ಕೊಟ್ಟವರೂ ಅಲ್ಲ. ನಡುಮನೆಯಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದರೂ, ಆ ಸದ್ದು ಕೇಳಿಯೇ ಈಗ ರೊಟ್ಟಿ ಹಂಚಿಗೆ ಹೋಯಿತು ಎಂದು ನನಗೆ ತಿಳಿಯುತ್ತಿತ್ತು. ಆ ಮಳೆಗಾಲದಲ್ಲಿ ಸದ್ದು ನಡುನಡುವೆ ನಿಲ್ಲತೊಡಗಿತು. ರೊಟ್ಟಿಯ ಅಂಚು ಬಿರಿಯತೊಡಗಿತು. ಒಂದು ದಿನ ನೋಡಿದರೆ ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಬೊಬ್ಬೆ.

"ಇದು ಯಾವಾಗ ಸುಟ್ಟಿತ್ರಿ ಅತ್ತಿ?"

ಅವರು ಬೆರಳನ್ನು ಬೇರೆ ಯಾರದೋ ಬೆರಳಿನಂತೆ ನೋಡಿಕೊಂಡರು. "ಯಾವಾಗರ ಸುಟ್ಟಿದ್ದೀತು. ಹಂಚಿನ ಮುಂದ ಕುಂತಾಕಿ ಮ್ಯಾಲೆ ಮಲ್ಲಿಗಿ ಹೂವು ಬೀಳ್ತಾವೇನು?"

ನಾನು ನಕ್ಕೆ. ಆದರೆ ಅಷ್ಟು ದೊಡ್ಡ ಬೊಬ್ಬೆ ಎದ್ದದ್ದೂ ತಿಳಿಯದಿರುವುದು ಹೇಗೆ ಎಂಬ ಅನುಮಾನ ಒಳಗೆ ಉಳಿಯಿತು.

ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸಿದ ಸಿಸ್ಟರ್ ನಮಗೊಂದು ಅಭ್ಯಾಸ ಹಾಕಿಸಿದ್ದರು. ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಣ್ಣಿಗೆ ಕಂಡದ್ದು, ಬಲ ಪುಟದಲ್ಲಿ ಅದರ ಬಗ್ಗೆ ಅನಿಸಿದ್ದು. ಒಂದರ ಜಾಗದಲ್ಲಿ ಇನ್ನೊಂದು ಬರಕೂಡದು. ಮದುವೆಯಾದ ಮೇಲೂ ನಾನು ಉಪ್ಪಿನಕಾಯಿಯಿಂದ ಮಕ್ಕಳ ಜ್ವರದವರೆಗೆ ಎಲ್ಲವನ್ನೂ ಹಾಗೇ ಬರೆಯುತ್ತ ಬಂದಿದ್ದೇನೆ. ಅಂದು ಎಡಕ್ಕೆ ಬರೆದೆ: ಬೊಬ್ಬೆ, ಗೊತ್ತಾಗಿಲ್ಲ. ಮುಖ ಬಿಳಿಚಿದೆ. ನಾಲ್ಕು ಮೆಟ್ಟಿಲಿಗೆ ಏದುಸಿರು. ಕೆಂಪು ಖಾರ ತಿಂದರೆ ನಾಲಿಗೆ ಉರಿ. ಬಲಕ್ಕೆ ಬರೆದೆ: ರಕ್ತ ಕಡಿಮೆ.

ರಕ್ತಹೀನತೆಯ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂದು ನಾನು ನಂಬಿದ್ದಕ್ಕೆ ಕಾರಣಗಳಿದ್ದವು. ಆರು ವರ್ಷದ ಹಿಂದೆ ನನಗೇ ತಿಂಗಳ ರಕ್ತಸ್ರಾವ ನಿಲ್ಲದೆ, ಗರ್ಭಕೋಶದ ಆಪರೇಷನ್ನಿಗೆ ಮುಂಚೆ ಎರಡು ಬಾಟಲಿ ರಕ್ತ ಏರಿಸಿದ್ದರು. ಇನ್ನು ನಮ್ಮ ಮನೆಗೆಲಸದಾಕೆ. ಅಕ್ಕಿ ಹಸನು ಮಾಡುವಾಗ ಅವಳು ಒಂದೊಂದೇ ಹಸಿ ಅಕ್ಕಿ ಕಾಳು ಬಾಯಿಗೆ ಹಾಕಿಕೊಳ್ಳುವುದನ್ನೂ, ಉಗುರುಗಳು ಚಮಚದಂತೆ ತಗ್ಗು ಬಿದ್ದಿರುವುದನ್ನೂ ಹೋದ ವರ್ಷ ಗಮನಿಸಿ, ಆಶಾ ಕಾರ್ಯಕರ್ತೆಗೆ ಹೇಳಿದವಳು ನಾನೇ. ನಾಟಿಯ ಕಾಲದಲ್ಲಿ ಅವಳು ಶ್ರೀರಾಮನಗರದ ಗದ್ದೆಗಳಿಗೆ ಹೋಗುತ್ತಾಳೆ. ಬರಿಗಾಲಲ್ಲಿ ಕೆಸರಿಗಿಳಿದಾಗ ಪಾದದ ಚರ್ಮದಿಂದಲೇ ಒಳಸೇರುವ ಕೊಕ್ಕೆಹುಳು ಕರುಳಿಗೆ ಅಂಟಿಕೊಂಡು ರಕ್ತ ಹೀರುತ್ತದಂತೆ. ಹುಳದ ಗುಳಿಗೆ, ಆಮೇಲೆ ಕಬ್ಬಿಣಾಂಶದ ಕೆಂಪು ಗುಳಿಗೆ. ಮೂರು ತಿಂಗಳಲ್ಲಿ ಅವಳ ಕೆನ್ನೆಗೆ ಬಣ್ಣ ಬಂತು, ಹಸಿ ಅಕ್ಕಿಯ ಆಸೆ ಹೋಯಿತು. ಆ ಗೆಲುವಿನಲ್ಲಿ ಅರ್ಧ ನನ್ನದು ಎಂದು ನಾನು ಒಳಗೊಳಗೇ ಬೀಗಿದ್ದೆ.

ಹಾಗಾಗಿ ಅತ್ತೆಯವರ ಬೆರಳು ಚುಚ್ಚಿ ನೋಡಿದ ಆಶಾ ಕಾರ್ಯಕರ್ತೆಯ ಯಂತ್ರ ಹಿಮೋಗ್ಲೋಬಿನ್ ಏಳು ಪಾಯಿಂಟ್ ಆರು ಎಂದು ತೋರಿಸಿದಾಗ, ನನಗೆ ಮುಂದಿನ ದಾರಿ ಗೊತ್ತೇ ಇತ್ತು. ಆಶಾ ಕಾರ್ಯಕರ್ತೆ ಹೇಳಿದ್ದಳು, "ಅಕ್ಕಾರ, ವಯಸ್ಸಾದೋರಿಗೆ ಕಾರಣ ಬ್ಯಾರೆ ಇರತಾವು. ದೊಡ್ಡ ದವಾಖಾನ್ಯಾಗ ಒಮ್ಮಿ ತೋರಸ್ರಿ." ನಾನು ಹೂಂ ಎಂದೆ, ಮೆಡಿಕಲ್ ಶಾಪಿನಿಂದ ಅದೇ ಕೆಂಪು ಗುಳಿಗೆ ತಂದೆ. ಆ ತಪ್ಪು ಪೂರ್ತಿ ನನ್ನದು.

ಗುಳಿಗೆ ಕೊಡುವ ಕ್ರಮದಲ್ಲಿ ಮಾತ್ರ ನಾನು ತಪ್ಪಲಿಲ್ಲ. ಊಟವಾದ ಮೇಲೆ, ನಿಂಬೆಹಣ್ಣಿನ ನೀರಿನ ಜೊತೆ. ಕಬ್ಬಿಣಾಂಶ ಹೊಟ್ಟೆ ಸೇರಿದರೆ ಮಲ ಕಪ್ಪಾಗಬೇಕು, ಅದನ್ನೂ ಕೇಳಿದೆ.

"ಏ ನಮ್ಮವ್ವ," ಅತ್ತೆ ಅಂದರು, "ಇಷ್ಟು ದಿನ ಬಾಯಾಗ ಹೋಗೂದರ ಮ್ಯಾಲೆ ಅಷ್ಟ ಕಾವಲಿತ್ತು. ಈಗ ಹೊರಗ ಬರೂದರ ಮ್ಯಾಲೂ ಕುಂತಿ?"

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕೆಲಸದಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಗ ಅತ್ತೆ ಅವಳತ್ತ ಒಂದು ನೋಟ ನೋಡಿದರು. ಬರೇ ನಗುವಿನ ನೋಟವಲ್ಲ ಅದು. ಎಡ ಪುಟದಲ್ಲಿ ಬರೆಯುವಂಥದ್ದೇನೂ ಅದರಲ್ಲಿರಲಿಲ್ಲ, ಬಲ ಪುಟದಲ್ಲಿ ಬರೆದೆ: ಇಬ್ಬರ ನಡುವೆ ಏನೋ ಇದೆ. ಗುಳಿಗೆ ಚೆಲ್ಲುತ್ತಿದ್ದಾರೆಯೇ?

ಅಂದಿನಿಂದ ನಾನು ಪತ್ತೇದಾರಳಾದೆ. ಗುಳಿಗೆ ನನ್ನ ಕಣ್ಣೆದುರೇ ನುಂಗಿಸಿದೆ. ಹಿತ್ತಿಲ ಕರಿಬೇವಿನ ಬುಡ ಕೆದರಿ ನೋಡಿದೆ. ಗುಳಿಗೆ ಸಿಗಲಿಲ್ಲ. ಬದಲಿಗೆ ಇನ್ನೊಂದು ಕಂಡಿತು: ಕೆಲಸದಾಕೆ ಮನೆಗೆ ಒಯ್ಯುವ ಸ್ಟೀಲ್ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಬೆಳ್ಳಗಿನ ಒಂದು ಗೆರೆ. ಒಣಗಿದ ಹಾಲೋ ಮೊಸರೋ. ಅವಳಿಗೆ ನಾನು ಕೊಡುವುದು ಅನ್ನ, ಸಾರು, ಪಲ್ಯ. ಮೊಸರು ಕೊಟ್ಟ ನೆನಪಿಲ್ಲ. ಒಂದು ಲೋಟ ಮೊಸರಿಗಾಗಿ ಮಾತಾಡುವುದೇ ಎಂದು ಸುಮ್ಮನಾದೆ, ಆದರೆ ದಿನಾ ಆ ಮುಚ್ಚಳ ನೋಡುವುದನ್ನು ಬಿಡಲಿಲ್ಲ.

ಆರು ವಾರಕ್ಕೆ ಯಂತ್ರ ಎಂಟು ಪಾಯಿಂಟ್ ಒಂಬತ್ತು ತೋರಿಸಿತು. ನಮ್ಮ ಮನೆಯವರಿಗೆ ಫೋನ್ ಮಾಡಿ ಹೇಳುವಷ್ಟು ಸಂತೋಷ ನನಗೆ. ಅದೇ ವಾರ ಅತ್ತೆ ಓಣಿಯಲ್ಲಿ ನಡೆದು ಬಂದರು, ಎಡಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆಯೇ ಬಿದ್ದಿತ್ತು. ಅವರಿಗೆ ತಿಳಿದಿರಲಿಲ್ಲ. "ಕಾಲಿಗೆ ಹತ್ತಿ ಸುತ್ತಿದಂಗ ಆಗೇತಿ," ಅಂದರು, ಅದೂ ಮೂರು ಸಲ ಕೇಳಿದ ಮೇಲೆ. ಬಚ್ಚಲಲ್ಲಿ ಮುಖ ತೊಳೆಯಲು ಕಣ್ಣು ಮುಚ್ಚಿದರೆ ತೂಗಾಡಿ ಗೋಡೆ ಹಿಡಿಯುತ್ತಿದ್ದರು. ರಕ್ತ ಏರುತ್ತಿದೆ, ಕಾಲು ಬೀಳುತ್ತಿದೆ. ಎರಡೂ ಎಡ ಪುಟದಲ್ಲೇ ಇದ್ದವು, ಎರಡೂ ನಿಜ, ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಯಂತ್ರದ ಮೇಲೇ ಅನುಮಾನ ಬಂದು ಲ್ಯಾಬಿಗೆ ಕರೆದೊಯ್ದೆ. ಅಚ್ಚಾದ ವರದಿ ಕೈಗೆ ಬಂತು. ಹಿಮೋಗ್ಲೋಬಿನ್ ಅಷ್ಟೇ ಇತ್ತು. ಆದರೆ ನಾಲ್ಕು ಸಾಲು ಕೆಳಗೆ ಎಂಸಿವಿ ಎಂಬ ಸಾಲಿನಲ್ಲಿ ನೂರಾ ಹದಿನಾಲ್ಕು, ಪಕ್ಕದಲ್ಲಿ ಎಚ್ ಎಂಬ ಒಂಟಿ ಅಕ್ಷರ. ಹೆಚ್ಚು ಎಂದರ್ಥ. ರಕ್ತ ಕಡಿಮೆ ಇರುವವರ ವರದಿಯಲ್ಲಿ ಹೆಚ್ಚಾದದ್ದು ಏನು? ಲ್ಯಾಬಿನ ಹೆಣ್ಣುಮಗಳು ಅಂದಳು, "ರಕ್ತಕಣದ ಗಾತ್ರ ರೀ ಅದು. ಡಾಕ್ಟರಿಗೆ ತೋರಸ್ರಿ, ತಡಾ ಮಾಡಬ್ಯಾಡ್ರಿ."

ಕೊಪ್ಪಳಕ್ಕೆ ಹೋದೆವು. ವೈದ್ಯರು ಮಧ್ಯವಯಸ್ಸಿನವರು. ರೊಟ್ಟಿ ಬಡಿಯುವಾಗಿನ ಬೊಬ್ಬೆ, ಕೆಲಸದಾಕೆಯ ಗುಳಿಗೆ, ನನ್ನ ಆಪರೇಷನ್ ಎಲ್ಲವನ್ನೂ ನನ್ನಿಂದ ಕೇಳಿ ತಿಳಿದುಕೊಂಡರು. ಅತ್ತೆಯ ನಾಲಿಗೆ ನೋಡಿದರು. ಸಿಪ್ಪೆ ಸುಲಿದಂತೆ ನುಣ್ಣಗೆ, ಕೆಂಪಗೆ ಇತ್ತು. ಕಂಪಿಸುವ ಒಂದು ಉಕ್ಕಿನ ಕಡ್ಡಿಯನ್ನು ಕಾಲಿನ ಹೆಬ್ಬೆರಳಿಗಿಟ್ಟು "ಜುಂ ಅಂತೈತೇನಮ್ಮ?" ಎಂದು ಕೇಳಿದರು. ಅತ್ತೆಗೆ ಮೊಣಕಾಲಿಗೆ ಇಟ್ಟಾಗ ಮಾತ್ರ ತಿಳಿಯಿತು. ಆಮೇಲೆ ನನ್ನತ್ತ ತಿರುಗಿ, "ಮುಖ ತೊಳೆಯುವಾಗ ಜೋಲಿ ಹೊಡೀತಾರೇನು?" ಅಂದರು. ನನ್ನ ನೋಟ್‌ಬುಕ್ ಓದಿದವರಂತೆ ಕೇಳಿದರಲ್ಲ ಎಂದು ಬೆಚ್ಚಿದೆ.

ರಕ್ತದ ಹನಿ ಹರಡಿದ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. "ರಕ್ತ ಕಡಿಮಿ ಅನ್ನೋದು ಒಂದು ರೋಗ ಅಲ್ರಿ, ಹತ್ತು ರೋಗದ ಒಂದು ಮುಖ. ನಿಮ್ಮ ಅತ್ತಿ ರೊಟ್ಟಿ ಬಡೀತಾರಂದ್ರಲ್ಲ, ಹಂಗ ಹೇಳ್ತೀನಿ. ಕಬ್ಬಿಣಾಂಶ ಇಲ್ಲಂದ್ರ ಹಿಟ್ಟ ಕಡಿಮಿ ಬಿದ್ದಂಗ, ರೊಟ್ಟಿ ಸಣ್ಣವು, ಬಿಳಿಚಿದಂಥವು. ಅದು ನಿಮ್ಮ ಕೆಲಸದಾಕಿ ಕಥಿ. ನಿಮ್ಮ ಆಪರೇಷನ್ ಟೈಮಿನ್ಯಾಗ ರೊಟ್ಟಿ ಬಡಿದಷ್ಟೂ ಬುಟ್ಟಿ ತೂತಿನಿಂದ ಹೋಗತಿದ್ದುವು. ಕೆಲವರಿಗೆ ಹುಟ್ಟಿನಿಂದನ ರೊಟ್ಟಿ ಆಕಾರ ಸೊಟ್ಟ, ಬ್ಯಾಗ ಮುರೀತಾವು. ಕಿಡ್ನಿ ಕೆಟ್ಟೋರಿಗೆ ಒಲಿ ಹಚ್ಚು ಅಂತ ಹೇಳೋರ ಇರಂಗಿಲ್ಲ. ಇವರಿಗೆ ಹಿಟ್ಟ ಐತಿ, ಆದ್ರ ಉಂಡಿ ಹರಿದು ಎರಡು ಆಗವಲ್ದು. ಅದಕ್ಕ ದೊಡ್ಡದೊಡ್ಡ ಕಣ, ಎಣಿಕೆ ಕಡಿಮಿ. ಬಿ ಹನ್ನೆರಡು ಅನ್ನೋ ಜೀವಸತ್ವ ಇಲ್ಲದ್ದಕ್ಕ ಹಿಂಗ ಆಗತೈತಿ."

"ಗುಳಿಗೆಯಿಂದ ಏರಿತ್ತಲ್ರಿ?"

"ಅದರಾಗ ಫೋಲಿಕ್ ಆಮ್ಲ ಇರತೈತಿ. ಅದು ರಕ್ತ ಸ್ವಲ್ಪ ಏರಿಸಿ ನಮ್ಮ ಕಣ್ಣಿಗೆ ಮಣ್ಣು ಹಾಕತೈತಿ. ನರಕ್ಕ ಬೇಕಾದ್ದು ಬಿ ಹನ್ನೆರಡ. ಅದು ಸಿಗದ ಒಳಗ ನರ ಸವೀತಾನ ಇರತಾವು."

ಎರಡು ತಿಂಗಳು ಕ್ರಮ ತಪ್ಪದೆ ಕೊಟ್ಟ ಗುಳಿಗೆಗಳು ನನ್ನ ಕಣ್ಣಮುಂದೆ ಸಾಲಾಗಿ ನಿಂತವು.

"ಇವರು ಹಾಲು, ಮೊಸರು ತಗೋತಾರೇನು?"

"ದಿನಾ ರೀ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಒಂದು ಬಟ್ಟಲು ಮೊಸರು. ನಾನೇ ಕೊಡ್ತೀನಿ," ಎಂದೆ. ಖಾಲಿ ಬಟ್ಟಲನ್ನು ದಿನಾ ನೋಡಿದವಳ ಧೈರ್ಯ ಅದು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ವೈದ್ಯರ ಹುಬ್ಬು ಗಂಟಾಯಿತು. "ಅಷ್ಟು ತಗೊಂಡೂ ಹಿಂಗಂದ್ರ ಹೊಟ್ಟಿ ಹೀರಿಕೊಳ್ಳಾಕತ್ತಿಲ್ಲ ಅಂತಾಯ್ತು. ಹೊಟ್ಟಿಯೊಳಗ ಕ್ಯಾಮೆರಾ ಬಿಟ್ಟು ನೋಡಬೇಕಾಗತೈತಿ. ಇಂಜೆಕ್ಷನ್ ಇವತ್ತ ಶುರು ಮಾಡೂಣು. ಇದು ಮಾಂಸ, ಲಿವರಿನ್ಯಾಗ ಭಾಳ ಇರತೈತಿ, ಹಾಲು ಮೊಸರಿನ್ಯಾಗ ಸ್ವಲ್ಪ, ಸೊಪ್ಪು ಕಾಳಿನ್ಯಾಗ ಇರಂಗಿಲ್ಲ. ತಡ ಆದ್ರ ನಡಿಯೂದು ಪೂರಾ ತಿರುಗಿ ಬರತೈತಂತ ಹೇಳಾಕ ಆಗಂಗಿಲ್ಲ."

ನರ್ಸ್ ಇಂಜೆಕ್ಷನ್ ತುಂಬಿದಳು. ಔಷಧ ದಾಳಿಂಬೆ ರಸದಷ್ಟು ಕೆಂಪಗಿತ್ತು. ಅತ್ತೆ ತೋಳಿನ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತರು.

"ಇದು ರಕ್ತ. ಲಿವರ್ ಅಂದಾರವರು. ಯಾವ ಜೀವದ್ದೋ ಏನೋ. ನನಗ ಬ್ಯಾಡ."

ನಾನು ಹೇಳಿದೆ, ನರ್ಸ್ ಹೇಳಿದಳು. ವೈದ್ಯರು ಹೇಳುವ ಹೊತ್ತಿಗೆ ಅವರು ಹೊರಗಿನ ಬೆಂಚಿನ ಮೇಲಿದ್ದರು. ಪರೀಕ್ಷೆಗೆ ರಕ್ತ ಕೊಟ್ಟು, ಇಂಜೆಕ್ಷನ್ ಇಲ್ಲದೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಬಸ್ಸು ನಿಂತಾಗಲೂ.

ಮರುದಿನ ಮಧ್ಯಾಹ್ನ ಎಂದಿನಂತೆ ಮೊಸರಿನ ಬಟ್ಟಲು ಖಾಲಿಯಾಗಿ ಬಂತು. ಅತ್ತೆ ಹಿತ್ತಿಲ ಕಟ್ಟೆಯ ಮೇಲೆಯೇ ಊಟ ಮಾಡುವವರು. ಬಟ್ಟಲು ಕೈಗೆತ್ತಿಕೊಂಡು ನೋಡಿದೆ. ಬೆರಳಿನಿಂದ ಬಳಿದು ತಿಂದ ಬಟ್ಟಲಿನಲ್ಲಿ ಬೆರಳ ಗೆರೆಗಳಿರುತ್ತವೆ. ಇದರಲ್ಲಿ ಒಂದು ಬದಿಗೆ ಮಾತ್ರ, ಸುರಿದು ಇಳಿಸಿದ ಹಾದಿ ಇತ್ತು.

ಹಿತ್ತಿಲಿಗೆ ಹೋದೆ. ಕೆಲಸದಾಕೆಯ ಡಬ್ಬಿ ಕಟ್ಟೆಯ ಮೇಲಿತ್ತು. ಬೇರೆಯವರ ಡಬ್ಬಿ ತೆರೆಯಬಾರದು ಎಂದು ಕಲಿತವಳು ನಾನು, ತೆರೆದೆ. ನಮ್ಮ ಮನೆಯ ಕೆನೆಮೊಸರು.

"ಇದು ಯಾರ ಪಾಲಿಂದು?" ಧ್ವನಿ ಏರಿಸಲಿಲ್ಲ. ಏರಿಸದೆಯೂ ಆ ಮಾತು ಎಷ್ಟು ಕೆಟ್ಟದಾಗಿರಬಹುದು ಎಂದು ಅವಳ ಮುಖ ನೋಡಿದಾಗ ತಿಳಿಯಿತು. "ವಯಸ್ಸಾದವರ ಬಟ್ಟಲದಾಗಿಂದು ತಗೋತಿಯಲ್ಲ, ಅವರ ಕಾಲು ಬಿದ್ದುಹೋಗಾಕತ್ತಾವು, ಗೊತ್ತೇನು?"

ಅವಳು ಬೂದಿ ಹತ್ತಿದ ಕೈ ತೊಳೆದುಕೊಂಡಳು. ಅತ್ತೆಯತ್ತ ನೋಡಲಿಲ್ಲ. "ತಗೊಂಡೀನ್ರಿ ಅಕ್ಕಾರ. ತಪ್ಪಾತು. ನಾಳಿಂದ ಬ್ಯಾಡಂದ್ರ ಬರಂಗಿಲ್ಲ."

"ಸುಳ್ಳ ಯಾಕ ಹೇಳತಿ?" ಅತ್ತೆ ಅಂದರು. ಕಟ್ಟೆ ಹಿಡಿದು ಏಳಲು ನೋಡಿ, ಆಗದೆ ಅಲ್ಲೇ ಕೂತರು. "ಆಕಿ ಕಳ್ಳಿ ಅಲ್ಲ. ಕೊಟ್ಟಾಕಿ ನಾನು. ಹೇಳಬ್ಯಾಡಂತ ಆಣಿ ಹಾಕಿಸಿದಾಕಿನೂ ನಾನ. ಹಾಲು ಮೊಸರು ಮುಟ್ಟಿ ಆರು ವರ್ಷ ಆತು."

ನಮ್ಮ ಕಡೆ ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಜೀವಮಾನದಲ್ಲಿ ತಿನ್ನಬಾರದು. ನನ್ನ ಆಪರೇಷನ್ನಿನ ವರ್ಷವೇ ಅತ್ತೆ ಕಾಶಿಗೆ ಹೋಗಿ ಬಂದಾಗ "ಪಡವಲಕಾಯಿ ಬಿಟ್ಟೀನಿ" ಎಂದಿದ್ದರು. ಪಡವಲಕಾಯಿಯನ್ನು ಅವರು ಎಂದೂ ತಿಂದವರಲ್ಲ, ದೇವರಿಗೂ ಟೋಪಿ ಹಾಕಿ ಬಂದಳು ನಮ್ಮವ್ವ ಎಂದು ಮನೆಯವರು ತಿಂಗಳುಗಟ್ಟಲೆ ನಗಾಡಿದ್ದರು. ಅದಾದ ಮೇಲೆ ಅತ್ತೆ ಪಿತ್ತ ಎಂದು ಚಹಾ ಬಿಟ್ಟದ್ದು ನನ್ನ ನೋಟ್‌ಬುಕ್ಕಿನಲ್ಲೇ ಇದೆ, ಎಡ ಪುಟದಲ್ಲಿ. ಎರಡನ್ನೂ ಜೋಡಿಸಿ ನೋಡಿರಲಿಲ್ಲ.

"ಯಾಕ್ರಿ ಅತ್ತಿ, ನಮಗೆ ಹೇಳಬಹುದಿತ್ತಲ್ಲ?"

"ಹೇಳಿದ್ರ ನೀ ಬಿಡತಿದ್ದೇನು? ನಿನಗ ಬಾಟ್ಲಿ ಬಾಟ್ಲಿ ರಕ್ತ ಏರಸಾಕತ್ತಿದ್ರು ಅವಾಗ. ಇಷ್ಟದ್ದು ಬಿಡಬೇಕಂದ್ರು, ಬಿಟ್ಟೆ. ಸೊಸಿ ಎದ್ದು ಓಡ್ಯಾಡಲಿ ಅಂದೆ. ಓಡ್ಯಾಡಾಕತ್ತಿ. ಕೊಟ್ಟದ್ದನ್ನ ಈಗ ತಿರುಗಿ ತಗೋಲೇನು?"

ನಾನು ಮೊದಲು ಕೆಲಸದಾಕೆಯ ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟೆ. ತಪ್ಪಾಯಿತು ಎಂದೆ. "ಬಿಡ್ರಿ ಅಕ್ಕಾರ," ಎಂದಳು. ಮೊದಲಿನಂತೆ ನಗಲಿಲ್ಲ.

ವೈದ್ಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆರು ವರ್ಷ ಹಾಲಿನದೇನೂ ಇಲ್ಲ, ಶುದ್ಧ ಶಾಕಾಹಾರ. ಹಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು, ಕ್ಯಾಮೆರಾ ಸದ್ಯಕ್ಕೆ ಬೇಡ, ಇಂಜೆಕ್ಷನ್ ಮಾತ್ರ ಬೇಗ ಎಂದರು. "ನೀವು ಮೊದಲ ಇದನ್ನ ಹೇಳಿದ್ರ…" ಎಂದು ನಿಲ್ಲಿಸಿದರು. ಇಂಜೆಕ್ಷನ್ ಯಾವುದರಿಂದ ಮಾಡುತ್ತಾರೆ ಎಂದು ಕೇಳಿದೆ. ಬಿಡಿಸಿ ಹೇಳಿದರು, ನಾನು ಬರೆದುಕೊಂಡೆ.

ಸಂಜೆ ಮನೆಯವರು ಸುಲಭದ ದಾರಿ ಹೇಳಿದರು. "ಇಂಜೆಕ್ಷನ್ನಿಗೆ ಒಲ್ಲೆ ಅಂದ್ರ ಹೋಗ್ಲಿ. ಜೋಳದ ಹಿಟ್ಟಿನ್ಯಾಗ ಹಾಲಿನ ಪುಡಿ ಕಲಸಿಬಿಡು. ಅವ್ವಗ ಏನು ಗೊತ್ತಾಗತೈತಿ?"

ಹಾಲಿನ ಪುಡಿಯ ಚೂರು ಸತ್ವದಿಂದ ಸವೆದ ನರ ಸರಿಹೋಗುವುದಿಲ್ಲ, ಅದು ಒಂದು ಮಾತು. ಇನ್ನೊಂದು, ಆರು ವರ್ಷ ಅವರು ನನ್ನಿಂದ ಮುಚ್ಚಿಟ್ಟರು, ಎರಡು ತಿಂಗಳು ನಾನು ಅವರ ಬೆನ್ನ ಹಿಂದೆ ಪತ್ತೇದಾರಿಕೆ ಮಾಡಿದೆ. ನಮ್ಮಿಬ್ಬರ ನಡುವೆ ಇನ್ನೊಂದು ಮುಚ್ಚಿಟ್ಟ ಬಟ್ಟಲು ಬೇಡ ಎನಿಸಿತು. ಅವರು ನನ್ನ ಹೆಸರಿನಲ್ಲಿ ಬಿಟ್ಟದ್ದನ್ನು ನನ್ನ ಕೈಯಿಂದಲೇ ಕದ್ದು ತಿನ್ನಿಸುವುದು ಆಗುವುದಿಲ್ಲ ಎಂದೆ.

ಮರುದಿನ ಬೆಳಿಗ್ಗೆಯೇ ಇಂಜೆಕ್ಷನ್ನಿನ ಪೆಟ್ಟಿಗೆ ತಂದು ಅತ್ತೆಯ ಮುಂದಿಟ್ಟೆ.

"ಇದು ಯಾವ ಪ್ರಾಣಿದೂ ಅಲ್ರಿ. ದೋಸಿ ಹಿಟ್ಟು ಹುದುಗಿ ಉಬ್ಬತೈತಲ್ಲ, ಕಣ್ಣಿಗೆ ಕಾಣದ ಜೀವಾಣು ಉಬ್ಬಿಸತಾವಲ್ಲ. ಹಂಗ ಇನ್ನೊಂದು ಜಾತಿ ಜೀವಾಣುನ ದೊಡ್ಡ ಹಂಡೇದಾಗ ಬೆಳೆಸಿ ಅದರಿಂದ ತಗೀತಾರ. ಬಣ್ಣ ಅದರದ, ಹುಟ್ಟುಬಣ್ಣ."

ಅತ್ತೆ ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಇದರ ಮ್ಯಾಲೆ ಹಂಗ ಬರದಾರೇನು?"

"ಇಲ್ರಿ. ಅಷ್ಟು ಬರದಿಲ್ಲ. ಡಾಕ್ಟರು ಹೇಳ್ಯಾರ."

"ಡಾಕ್ಟರು ನಿನಗ ಹೇಳ್ಯಾರ, ನೀ ನನಗ ಹೇಳತಿ. ಇಂಗ್ಲಿಷ್ ಅಕ್ಷರ ನಿನಗ ಬರತಾವು, ನನಗ ಬರಂಗಿಲ್ಲ. ನಂಬೂದು ಹೆಂಗ?"

"ನಿಮ್ಮ ಖಾಲಿ ಬಟ್ಟಲಾ ನಾ ಆರು ವರ್ಷ ನಂಬಿದ್ನಲ್ರಿ ಅತ್ತಿ."

ಹೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನನ್ನೇ ದಿಟ್ಟಿಸಿದರು. ಬಾಯಿಯ ಒಂದು ಮೂಲೆ ಅಲುಗಿತು, ಆದರೆ ಸೆರಗು ತೋಳಿನಿಂದ ಸರಿಯಲಿಲ್ಲ. "ಕೆಂಪಗೈತಿ," ಎಂದರು ಮತ್ತೆ.

ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕೆಲಸದಾಕೆ ಒಳಗೆ ಬಂದಳು. "ಅಮ್ಮಾರ, ನಾ ತಿಂದ ಗುಳಿಗಿನೂ ಕೆಂಪು ಇದ್ದುವ್ರಿ. ನೀವು ಎರಡು ತಿಂಗಳು ನುಂಗಿದ್ದೂ ಅವನ. ಅವಾಗ ಕೇಳಲಿಲ್ಲ, ಇದು ಕುರಿದೋ ಕೋಳಿದೋ ಅಂತ. ಹಂಗ ನೋಡಿದ್ರ ಬೀಟ್‌ರೂಟಿನ ಪಲ್ಯಾನೂ ಬಿಡಬೇಕಾಗತೈತಿ ನೀವು."

"ಅಯ್ಯ ನಿನ್ನ," ಎಂದರು ಅತ್ತೆ, "ಭಾಳ ಶ್ಯಾಣೇಕಿ ಆಗಿ." ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು. "ನೀ ಬರತಿಯೇನು ದವಾಖಾನಿಗೆ? ನೀ ಬಂದ್ರ ಬರತೀನಿ. ಈಕಿ ಬರೇ ಬರಕೋತ ಕುಂದರತಾಳ."

ಹಾಗೆ ಮೂವರೂ ಹೋದೆವು. ಒಂದು ವಾರ ದಿನಾ ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಕೊಪ್ಪಳದಿಂದ ಬಂದ ಫಲಿತಾಂಶದಲ್ಲಿ ಬಿ ಹನ್ನೆರಡರ ಮುಂದೆ ಎಲ್ ಎಂಬ ಅಕ್ಷರವಿತ್ತು. ಕಡಿಮೆ ಎಂದು. ಮೊದಲು ನಾಲಿಗೆಯ ಉರಿ ಹೋಯಿತು. ಎರಡು ತಿಂಗಳಿಗೆ ರಕ್ತ ಹನ್ನೊಂದು ದಾಟಿತು. ಕಾಲು ನಿಧಾನ. ಹತ್ತಿ ಸುತ್ತಿದ ಭಾವ ಮೊಣಕಾಲಿನಿಂದ ಪಾದಕ್ಕೆ ಇಳಿದಿದೆ, ಅಲ್ಲೇ ನಿಂತಿದೆ. ಪೂರ್ತಿ ಹೋಗುತ್ತದೆಯೇ ಎಂದರೆ ವೈದ್ಯರು ನೋಡೋಣ ಎನ್ನುತ್ತಾರೆ. ನಾನು ಆ ಎರಡು ತಿಂಗಳನ್ನು ಲೆಕ್ಕ ಹಾಕದ ದಿನವಿಲ್ಲ.

ಮೊಸರಿನ ಬಟ್ಟಲು ಈಗ ಅತ್ತೆಯ ತಟ್ಟೆಯ ಪಕ್ಕಕ್ಕೆ ಹೋಗುವುದಿಲ್ಲ. ಕೆಲಸದಾಕೆ ಅಡುಗೆಮನೆಯಲ್ಲಿ ಕೂತು ಎಲ್ಲರೆದುರು ಉಣ್ಣುತ್ತಾಳೆ. ಮೊದಲ ದಿನ ಅವಳು ಬಟ್ಟಲು ಬಳಿದು ತಿಂದು, ಬೆರಳ ಗೆರೆಗಳು ಕಾಣುವಂತೆ ನನ್ನ ಮುಂದೆ ಹಿಡಿದಳು. "ಬರಕೋರಿ ಅಕ್ಕಾರ," ಎಂದಳು. ಆಗ ನಕ್ಕಳು.

ಮೊನ್ನೆ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ನಾನು ಸದ್ದಿಲ್ಲದೆ ಹಿಂದೆ ಹೋಗಿ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿ ನಿಂತೆ.

"ಹಿಂದ ಯಾಕ ನಿಂತಿ?" ಕಣ್ಣು ತೆರೆಯದೆಯೇ ಕೇಳಿದರು. "ಮತ್ತ ಯಾರನ್ನ ಹಿಡಿಯಾಕ ಬಂದಿ?"

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಒಂದು ಸಲ ತೂಗಿದರು. ಕೈ ಗೋಡೆಯತ್ತ ಅರ್ಧ ಹೋಗಿ, ತಿರುಗಿ ಬಂತು. ಆಮೇಲೆ ಬೊಗಸೆಯಲ್ಲಿ ನೀರು ತುಂಬಿಕೊಂಡು ನಿಧಾನವಾಗಿ ಮುಖ ತೊಳೆದುಕೊಂಡರು.